ಉಳಿ ಹಿಡಿದ ಎಡಗೈ

"ಕೈ ತೋರಿಸಿ ಅಣ್ಣ" ಎಂದು ನಾನು ಮೊದಲ ದಿನ ಕೇಳಿದಾಗ ಆ ಮನುಷ್ಯ ಅಂಗೈ ಚಾಚಿ, "ಮನಿ ಕಟ್ಟೂ ಯೋಗ ಐತೇನು ನೋಡ್ರಿ ಮೇಡಂ" ಎಂದರು. ಹಿಂದೆ ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಪೀಣ್ಯದ ಒಂದು ಎರಕದ ಕಾರ್ಖಾನೆ, ಅದರ ಕ್ಯಾಂಟೀನಿನ ಪಕ್ಕದ ಕೋಣೆ. ಮೇಜಿನ ಮೇಲೆ ಒಂದು ಬಕೆಟ್ಟು ಐಸ್ ನೀರು, ಒಂದು ಥರ್ಮಾಮೀಟರ್, ಟವೆಲ್ಲು. ಇಷ್ಟು ಸರಂಜಾಮು ಇಟ್ಟುಕೊಂಡು ಕೂತ ಹೆಂಗಸು ಜ್ಯೋತಿಷ್ಯದವಳಲ್ಲದೆ ಇನ್ನೇನು ಎಂದುಕೊಂಡಿರಬೇಕು.

ನಾನಾಗ ಒಬ್ಬ ಹಿರಿಯ ವೈದ್ಯರ ಕೈಕೆಳಗೆ ಸಂಶೋಧನಾ ಸಹಾಯಕಿ. ಫಿಸಿಯೋಥೆರಪಿ ಓದಿದವಳು. ವರ್ಷಗಟ್ಟಲೆ ಅದುರುವ ಉಪಕರಣ ಹಿಡಿದು ದುಡಿದವರ ಕೈಗೆ ಏನಾಗುತ್ತದೆ ಅನ್ನುವುದು ನಮ್ಮ ಪ್ರಶ್ನೆಯಾಗಿತ್ತು. ಅದುರಾಟ ಬೆರಳಿನ ಸಣ್ಣ ರಕ್ತನಾಳಗಳನ್ನೂ ನರಗಳನ್ನೂ ನಿಧಾನಕ್ಕೆ ಕೆಡಿಸುತ್ತದೆ. ಚಳಿ ತಾಗಿದಾಗ ರಕ್ತ ಬೆರಳ ತುದಿಗೆ ಬರುವುದನ್ನೇ ನಿಲ್ಲಿಸುತ್ತದೆ. ಬೆರಳು ಚಾಕ್‌ಪೀಸಿನ ಹಾಗೆ ಬೆಳ್ಳಗಾಗುತ್ತದೆ. ಜೋಮು, ನೋವು, ಆಮೇಲೆ ಮುಟ್ಟಿದ್ದು ಗೊತ್ತಾಗದ ಸ್ಥಿತಿ. ಪುಸ್ತಕದಲ್ಲಿ ಓದಿದ್ದೆಲ್ಲ ಹಿಮ ಬೀಳುವ ದೇಶಗಳ ಕಥೆ. ನಮ್ಮ ಬೆಂಗಳೂರಿನ ಹವೆಯಲ್ಲಿ ಇದು ಆಗುತ್ತದೆಯೇ, ಆದರೆ ಯಾರಿಗೆ, ಯಾವ ಉಪಕರಣದಿಂದ?

ಆ ಕಾರ್ಖಾನೆಯಲ್ಲಿ ಪಂಪಿನ ಕಬ್ಬಿಣದ ಕವಚಗಳನ್ನು ಎರಕ ಹೊಯ್ಯುತ್ತಿದ್ದರು. ಅಚ್ಚಿನಿಂದ ಹೊರಬಂದ ಕವಚಕ್ಕೆ ಅಂಚಿನಲ್ಲೆಲ್ಲ ಬೇಡದ ಲೋಹ ಅಂಟಿಕೊಂಡಿರುತ್ತದೆ. ಅದನ್ನು ಗ್ರೈಂಡರಿನಿಂದ ಉಜ್ಜಿ, ಗಾಳಿಯ ಒತ್ತಡದಲ್ಲಿ ತುದಿಯ ಉಳಿಯನ್ನು ಬಡಿಯುವ ಚಿಪ್ಪಿಂಗ್ ಗನ್ನಿನಿಂದ ಕಡಿದು ತೆಗೆಯಬೇಕು. ಆ ವಿಭಾಗಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ಅಲ್ಲಿದ್ದವರಲ್ಲಿ ಬಹುಪಾಲು ಜನ ಬಾಗಲಕೋಟೆ, ವಿಜಯಪುರ, ಗದಗದ ಕಡೆಯವರು, ಕಾಂಟ್ರಾಕ್ಟರ್ ಮೂಲಕ ಕೆಲಸಕ್ಕೆ ಸೇರಿದವರು. ಮಧ್ಯಾಹ್ನ ಊಟ ಮುಗಿಸಿ ಒಬ್ಬೊಬ್ಬರಾಗಿ ನನ್ನ ಕೋಣೆಗೆ ಬರುತ್ತಿದ್ದರು. ನಾನು ಒಪ್ಪಿಗೆ ಪತ್ರ ಓದಿ ಹೇಳುತ್ತಿದ್ದೆ: ನಿಮ್ಮ ಹೆಸರು, ನಿಮ್ಮ ಕೈಯ ವಿಷಯ ಕಾರ್ಖಾನೆಯವರಿಗೆ ಹೋಗುವುದಿಲ್ಲ. ಆಮೇಲೆ ಪ್ರಶ್ನೆ.

"ಬೆರಳು ಜೋಮು ಹಿಡಿಯುತ್ತಾ?"

"ಇಲ್ರಿ."

"ಬೆಳ್ಳಗಾಗುತ್ತಾ?"

"ಏ, ಯಾಕಾಗ್ತಾವ್ರಿ? ಆರಾಮ ಅದೀವಿ."

ಐಸ್ ನೀರಿನಲ್ಲಿ ಕೈ ಅದ್ದಿಸಿ, ತೆಗೆದು ಒರೆಸಿ, ಬಣ್ಣ ಮರಳುವುದನ್ನು ಕಾಯುತ್ತಿದ್ದೆ. ಕುಲುಮೆಯ ಪಕ್ಕದಲ್ಲಿ ಅರ್ಧ ದಿನ ಬೆಂದು ಬಂದ ಕೈಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಕೆಂಪಾಗುತ್ತಿದ್ದವು. ಆ ಇಡೀ ಬೇಸಿಗೆ, ಆಮೇಲಿನ ಮಳೆಗಾಲ, ನಾನು ಬರೆದದ್ದೆಲ್ಲ 'ಇಲ್ಲ', 'ಇಲ್ಲ', 'ಇಲ್ಲ'.

ಕೈ ಪರೀಕ್ಷೆಯ ಜೊತೆಗೇ ಉಪಕರಣಗಳ ಅದುರಾಟವನ್ನೂ ಅಳೆಯಬೇಕಿತ್ತು. ಸಕ್ಕರೆ ಅಚ್ಚಿನಷ್ಟು ದೊಡ್ಡ ಸೆನ್ಸರನ್ನು ಹಿಡಿಕೆಗೆ ಕ್ಲಿಪ್ ಹಾಕಿ ಬಿಗಿದು, ಅದರ ವೈರನ್ನು ಕೆಲಸಗಾರರ ತೋಳಿಗುಂಟ ಟೇಪು ಸುತ್ತಿ, ಸೊಂಟಕ್ಕೆ ಕಟ್ಟಿದ ಮೀಟರಿಗೆ ಸೇರಿಸುವುದು. ಹೇಳುವಷ್ಟು ಸುಲಭವಲ್ಲ. ಗ್ರೈಂಡರಿನಲ್ಲಿ ಹೇಗೋ ಆಗುತ್ತಿತ್ತು. ಚಿಪ್ಪಿಂಗ್ ಗನ್ನಿನ ಹೊಡೆತಕ್ಕೆ ಮಾತ್ರ ಕ್ಲಿಪ್ಪು ಸಡಿಲವಾಗಿ ಸೆನ್ಸರ್ ಕುಣಿಯುತ್ತಿತ್ತು, ವೈರು ಬುಡದಲ್ಲೇ ತುಂಡಾಗುತ್ತಿತ್ತು, ಅಂಕಿಗಳು ಹುಚ್ಚುಹುಚ್ಚಾಗಿ ಬರುತ್ತಿದ್ದವು. ಕಬ್ಬಿಣದ ಧೂಳು ಕುಡಿದು ಒಂದು ಮೀಟರ್ ಸತ್ತೇಹೋಯಿತು. ಕೊನೆಗೆ ಸೆನ್ಸರಿನ ಅಡಿಗೆ ತೆಳ್ಳನೆಯ ಗಟ್ಟಿ ರಬ್ಬರ್ ಇಟ್ಟಾಗ ಆ ಹುಚ್ಚು ಹೊಡೆತಗಳು ಸೋಸಿಹೋಗಿ ನಂಬುವಂಥ ಅಂಕಿ ಸಿಕ್ಕಿತು. ಸಿಕ್ಕಿದ್ದೂ ದೊಡ್ಡದೇನಲ್ಲ. ಹಿಡಿಕೆಯ ಅದುರಾಟ ಸಾಧಾರಣ, ಕೈಗಳು ಸರಿಯಿವೆ. ಎರಡೂ ಒಂದಕ್ಕೊಂದು ತಾಳೆಯಾಗುತ್ತವೆ ಎಂದುಕೊಂಡೆ.

ಡಾಕ್ಟರಿಗೆ ಸಮಾಧಾನವಿರಲಿಲ್ಲ. ಕಾರ್ಖಾನೆಯೆದುರಿನ ದರ್ಶಿನಿಯಲ್ಲಿ ನಿಂತು ಕಾಫಿ ಕುಡಿಯುವಾಗ ಒಮ್ಮೆ ಕೇಳಿದರು, "ಇಷ್ಟು ವರ್ಷ ಗನ್ ಹಿಡಿದವರಲ್ಲಿ ಒಬ್ಬರಿಗೂ ಏನೂ ಇಲ್ಲ ಅಂದ್ರೆ ನಂಬ್ತೀಯೇನಮ್ಮ?"

"ಪರೀಕ್ಷೆ ಮಾಡಿದ್ದು ನಾನೇ ಅಲ್ವಾ ಸಾರ್."

"ಪರೀಕ್ಷೆ ಸರಿಯಾಗೇ ಇದೆ. ಹೊತ್ತು ಸರಿಯಿಲ್ವೇನೋ. ಜಾಗ ಸರಿಯಿಲ್ವೇನೋ."

ನನ್ನ ಮನಸ್ಸಿನಲ್ಲೂ ಒಂದು ಸಂಗತಿ ಕೊರೆಯುತ್ತಿತ್ತು. ಮನೆ ಕಟ್ಟುವ ಯೋಗ ಕೇಳಿದ ಆ ಮನುಷ್ಯನ ಎಡಗೈ ಬೆರಳ ತುದಿಗಳಲ್ಲಿ ಸುಟ್ಟ ಗುಳ್ಳೆಗಳಿದ್ದವು. ಕೆಲವು ಹಳೆಯವು, ಕೆಲವು ಹಸಿ. ಕೇಳಿದಾಗ "ಎಣ್ಣಿ ಸಿಡೀತ್ರಿ" ಎಂದಿದ್ದರು. ಪಕ್ಕದಲ್ಲಿದ್ದವನು, "ರೊಟ್ಟಿಗೆ ಯಾವ ಊರಾಗ ಎಣ್ಣಿ ಹಾಕ್ತಾರೋ ಮಾರಾಯಾ?" ಎಂದು ಚುಡಾಯಿಸಿದ್ದ. ಅವರ ರೂಮಿನಲ್ಲಿದ್ದವರಿಗೆಲ್ಲ ಜೋಳದ ರೊಟ್ಟಿ ಬಡಿಯುವವರು ಅವರೇ ಅಂತೆ. ಹಾಗಾಗಿ ನಾನು ಅವರನ್ನು ರೊಟ್ಟಿ ಅಣ್ಣ ಎಂದು ಕರೆಯತೊಡಗಿದ್ದೆ. "ಒಮ್ಮೆ ಬರ್ರಿ ಅಕ್ಕಾರ, ರೊಟ್ಟಿ ಉಣ್ಣಾಕ" ಎಂದು ಅವರು ಮೂರು ನಾಲ್ಕು ಸಲ ಕರೆದಿದ್ದರು.

ಡಿಸೆಂಬರಿನ ಒಂದು ಭಾನುವಾರ ಹೋದೆ. ಹೂಡಿಯಿಂದ ಮೊದಲ ಮೆಟ್ರೊ ಹಿಡಿದು, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ ಪೀಣ್ಯದಲ್ಲಿ ಇಳಿದಾಗ ಬಾಯಿಂದ ಹೊಗೆ ಬರುವಷ್ಟು ಚಳಿ. ನೆಲಗದರನಹಳ್ಳಿಯ ಒಂದು ಗಲ್ಲಿಯಲ್ಲಿ ವಠಾರದಂಥ ಮನೆ. ಮಧ್ಯೆ ಅಂಗಳ, ಸುತ್ತ ಶೀಟಿನ ರೂಮುಗಳು, ಮೂಲೆಯಲ್ಲಿ ಒಲೆಯ ಮೇಲೆ ಹಂಡೆ. ಮನೆ ಓನರ್ ಅಜ್ಜಿ ಬಾಗಿಲಲ್ಲೇ ತಡೆದರು.

"ಯಾರವ್ವ ನೀನು? ಇಷ್ಟೊತ್ಗೇ ಬಂದಿದ್ದೀಯ?"

"ಕೈ ನೋಡೋಕೆ ಬಂದಿದೀನಿ ಅಜ್ಜಿ."

"ಅಂಗಾರೆ ಮೊದ್ಲು ನಂದು ನೋಡು. ಬಲಗೈ ಎತ್ತಕ್ಕೇ ಆಗಾಕಿಲ್ಲ." ಭುಜ ನೋಡಿದೆ, ಎರಡು ವ್ಯಾಯಾಮ ಹೇಳಿಕೊಟ್ಟೆ. ಅಲ್ಲಿಗೆ ನನಗೆ ಆ ಅಂಗಳದ ಪ್ರವೇಶ ಸಿಕ್ಕಿತು.

ರೊಟ್ಟಿ ಅಣ್ಣ ಅಂಗಳದಲ್ಲೇ ಒಲೆ ಹೂಡಿಕೊಂಡು ಕೂತಿದ್ದರು. ಆಗಷ್ಟೇ ತಣ್ಣೀರಲ್ಲಿ ಕೊಣಮಿಗೆ ಎಂಬ ಮರದ ಪರಾತ ತೊಳೆದು ಹಿಟ್ಟು ನಾದಲು ಶುರು ಮಾಡಿದ್ದರು. ನಾನು ಕೈಗಳನ್ನೇ ನೋಡುತ್ತ ನಿಂತೆ. ಎಡಗೈಯ ನಾಲ್ಕು ಬೆರಳೂ ಎರಡನೆಯ ಗೆಣ್ಣಿನವರೆಗೆ ಬಿಳುಚಿಕೊಂಡಿದ್ದವು. ಬಿಳಿಯ ಗೆರೆ ಯಾರೋ ಅಡ್ಡಕ್ಕೆ ಎಳೆದಷ್ಟು ಸ್ಪಷ್ಟ. ಬಲಗೈಯಲ್ಲಿ ತುದಿಗಳು ಮಾತ್ರ. ಹಿಟ್ಟು ಅಂಟಿದ್ದೇನೋ ಎಂದು ಹತ್ತಿರ ಹೋದೆ. ಹಿಟ್ಟಲ್ಲ.

ಅವರು ಮೊದಲ ರೊಟ್ಟಿ ಬಡಿದು ಹಂಚಿಗೆ ಹಾಕಿ, ತಿರುವಿದರು. ಎಡಗೈ ಬೆರಳು ಹಂಚಿನ ಅಂಚಿಗೆ ತಾಗಿ ಅಲ್ಲೇ ನಿಂತಿತು. ನನ್ನ ಮೂಗಿಗೆ ವಾಸನೆ ಬಂತು.

"ಅಣ್ಣ, ಕೈ! ಕೈ ತೆಗೀರಿ!"

ಅವರು ನಿಧಾನಕ್ಕೆ ಬೆರಳು ಎತ್ತಿ ನೋಡಿಕೊಂಡರು. ಬಾಯಲ್ಲಿಟ್ಟು ಚೀಪಿದರು. ಆಮೇಲೆ ಸುಮ್ಮನೆ ಹೇಳಿದರು, "ಮುಂಜಾನಿ ಹಿಂಗ ಆಗ್ತದ್ರಿ. ಬಿಸಿಲು ಏರಿದ ಮ್ಯಾಲೆ ಹೋಗ್ತದ."

"ನನಗೆ ಏನೂ ಆಗಲ್ಲ ಅಂತ ಹೇಳಿದ್ರಲ್ಲ."

"ಎಲ್ಲಾರೂ ಹಂಗ ಹೇಳ್ಯಾರ್ರಿ. ಹೇಳಿದ್ರ ಏನಾಗ್ತದ? ಮಷೀನ್ ಮ್ಯಾಲಿಂದ ಎಬ್ಬಸ್ತಾರ. ಇವತ್ತ ಎಬ್ಬಸ್ತಾರ, ನಾಳಿ ಗೇಟಿನ ಹೊರಗ ನಿಲ್ಲಸ್ತಾರ. ನಿಮ್ಮ ಕಾಗದ ಓದೀರಿ, ಖರೆ. ಆದ್ರ ನೀವು ಕುಂತು ಓದಿದ ಕ್ವಾಣಿ ಅವರದಲ್ಲೇನ್ರಿ?"

ರೂಮುಗಳಿಂದ ಒಬ್ಬೊಬ್ಬರೇ ಹೊರಬಂದರು, ಮಫ್ಲರ್ ಸುತ್ತಿಕೊಂಡು. ರೊಟ್ಟಿ ಅಣ್ಣ, "ತೋರಸ್ರಲೇ, ನಮ್ಮ ಅಕ್ಕಾರ ಅದಾರ" ಎಂದರು. ಕಂಕುಳಲ್ಲಿ ಅವಿತಿದ್ದ ಕೈಗಳು ಹೊರಬಂದವು. ಹಂಡೆಯ ಹೊಗೆಯ ಮಧ್ಯೆ ಆ ಬಿಳಿ ಬೆರಳುಗಳನ್ನು ನೋಡುತ್ತ ನನಗೆ ಏನು ಮಾಡಬೇಕೆಂದು ತೋಚಲಿಲ್ಲ. ಸಂಶೋಧಕಿಗೆ ಸಿಗಬೇಕಾದ ಸಂತೋಷ ಸಿಕ್ಕಿತ್ತು. ಅದರ ಹಿಂದೆಯೇ ನಾಚಿಕೆಯಂಥದ್ದೂ ಬಂತು. ಅಜ್ಜಿ ಒಂದು ಪ್ಲೇಟಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ಹಾಕಿ ನನ್ನ ಕೈಗಿತ್ತು, "ತಿನ್ನವ್ವ ಮೊದ್ಲು, ಆರೋಗ್ತೈತೆ" ಎಂದರು.

ಮರುವಾರದಿಂದ ನಮ್ಮ ಪರೀಕ್ಷೆ ಆ ಅಂಗಳಕ್ಕೆ ಬಂತು. ಡಾಕ್ಟರೂ ಸ್ವೆಟರು, ಕುಲಾವಿ ಹಾಕಿಕೊಂಡು ಬೆಳಕು ಹರಿಯುವಷ್ಟರಲ್ಲಿ ಬರುತ್ತಿದ್ದರು. ಐಸ್ ಬೇಕಾಗಿರಲಿಲ್ಲ, ನಲ್ಲಿ ನೀರೇ ಸಾಕಿತ್ತು. ಕೈ ಅದ್ದುವುದು, ಒರೆಸುವುದು, ಬಿಳುಪು ಎಲ್ಲಿಯವರೆಗೆ ಎಂದು ಬೆರಳಿನ ಚಿತ್ರದಲ್ಲಿ ಗುರುತು ಮಾಡುವುದು, ಬಣ್ಣ ಮರಳಿದ ಮೇಲೆ ಹಂಡೆಯ ಪಕ್ಕ ಕೂರಿಸುವುದು. "ಧರ್ಮಾಸ್ಪತ್ರೆ ಮಾಡ್ಬಿಟ್ರಲ್ಲವ್ವ ನಮ್ ಅಂಗಳಾನ!" ಎಂದು ಅಜ್ಜಿ ಬೈಯುತ್ತಲೇ ಹಂಡೆಗೆ ಇನ್ನೊಂದು ಸೌದೆ ತುರುಕುತ್ತಿದ್ದರು. ಹಾಗೆ ನೋಡಿದರೆ ನನ್ನ ವೃತ್ತಿಯಲ್ಲಿ ಅಷ್ಟು ಖುಷಿಯಾಗಿ ಕೆಲಸ ಮಾಡಿದ ದಿನಗಳು ಬೇರೆ ಇಲ್ಲ. ಹೊಗೆಯ ವಾಸನೆ, ರೊಟ್ಟಿ ಬಡಿಯುವ ಸದ್ದು, ಯಾರದೋ ಮೊಬೈಲಿನಲ್ಲಿ ಭಜನೆ, ಸರತಿಗಾಗಿ ಕಾಯುತ್ತ ಒಬ್ಬರ ಕಾಲನ್ನೊಬ್ಬರು ಎಳೆಯುವ ಗಂಡಸರು. ಈಗ ಆ ಅಂಗಳವಿಲ್ಲ. ಅಜ್ಜಿಯ ಮಗ ಅಲ್ಲಿ ನಾಲ್ಕಂತಸ್ತಿನ ಪಿ.ಜಿ. ಕಟ್ಟಿಸಿದ್ದಾರೆ.

ಗುರುತು ಮಾಡುತ್ತ ಹೋದಂತೆ ಒಂದು ವಿಷಯ ಕಣ್ಣಿಗೆ ಹೊಡೆಯಿತು. ಚಿಪ್ಪಿಂಗ್ ಮಾಡುವವರಲ್ಲಿ ಬಹುತೇಕ ಎಲ್ಲರದ್ದೂ ಎಡಗೈಯೇ ಹೆಚ್ಚು ಹಾಳು. ಗನ್ನಿನ ಹಿಡಿಕೆ, ಗುಂಡಿ ಇರುವುದು ಬಲಗೈಯಲ್ಲಿ. ಡಾಕ್ಟರ್ ಹೇಳಿದರು, "ಅಣ್ಣ, ನೀವು ಗನ್ ಹೇಗೆ ಹಿಡೀತೀರಿ, ಮಾಡಿ ತೋರಿಸಿ." ರೊಟ್ಟಿ ಅಣ್ಣ ಹಂಡೆಯ ಪಕ್ಕದ ಒಂದು ಸೌದೆ ಎತ್ತಿಕೊಂಡರು. ಬಲಗೈ ಹಿಂದೆ. ಎಡಗೈ ಮುಂದೆ, ಉಳಿ ಇರುವ ಜಾಗದಲ್ಲಿ, ಬಿಗಿಯಾಗಿ. ಉಳಿ ಜಾರದಂತೆ, ಬೇಕಾದ ಕಡೆ ತಿರುಗುವಂತೆ ಅದನ್ನು ನೇರವಾಗಿ ಕೈಯಲ್ಲೇ ಹಿಡಿಯಬೇಕು. ಕಾರ್ಖಾನೆಯಲ್ಲಿ ನಾನೇ ಎಷ್ಟು ಸಲ ನೋಡಿದ್ದೆ. ನೋಡಿಯೂ ಸೆನ್ಸರನ್ನು ಹಿಡಿಕೆಗೇ ಕಟ್ಟುತ್ತಿದ್ದೆವು, ಕೈಪಿಡಿಯಲ್ಲಿ ಹಾಗೆಂದಿದೆ ಎಂದು. ಡಾಕ್ಟರ್ ಹಣೆ ಚಚ್ಚಿಕೊಂಡರು. "ಅಷ್ಟೂ ಮತ್ತೆ ಅಳೀಬೇಕಮ್ಮ" ಎಂದರು.

ಉಳಿಯ ಮೇಲೆ ಸೆನ್ಸರ್ ನಿಲ್ಲಿಸುವುದು ಇನ್ನೊಂದು ತಲೆನೋವು. ಉಳಿ ತೆಳು, ಬಿಸಿಯಾಗುತ್ತದೆ, ಹೊಡೆತವೆಲ್ಲ ಅದಕ್ಕೇ. ಮೊದಲ ಸಲ ಸೆನ್ಸರ್ ಹಾರಿ ಮರಳಿನ ರಾಶಿಗೆ ಬಿತ್ತು, ನಾವೆಲ್ಲ ಮಂಡಿಯೂರಿ ಹುಡುಕಿದೆವು. ಟೂಲ್ ರೂಮಿನಲ್ಲಿ ಎರಡು ಅರ್ಧ ಸೇರಿಸಿ ಬೋಲ್ಟು ಬಿಗಿಯುವ ಪುಟ್ಟ ಉಕ್ಕಿನ ಉಂಗುರ ಮಾಡಿಸಿದೆವು. ಅದು ನಿಂತಿತು. ಅಂಕಿ ನೋಡಿದಾಗ ಮೀಟರ್ ಕೆಟ್ಟಿದೆ ಎಂದೇ ಭಾವಿಸಿ ಬೇರೆ ಮೀಟರ್ ಹಾಕಿದೆ. ಅದೇ ಅಂಕಿ. ಹಿಡಿಕೆಯ ಅದುರಾಟದ ಎಷ್ಟೋ ಪಟ್ಟು ಉಳಿಯಲ್ಲಿತ್ತು.

ನಾವು ಇದನ್ನು ಮ್ಯಾನೇಜರಿಗೆ ಹೇಳಿದೆವು. ನನ್ನ ವಯಸ್ಸಿನವರು, ಮಾತು ಕೇಳಿಸಿಕೊಳ್ಳುವವರು. ಒಳ್ಳೆಯವರೇ. ಗಾಬರಿಯಾದರು.

"ಯಾರ್ಯಾರಿಗೆ ಇದೆ ಹೇಳಿ ಮೇಡಂ. ಅವರನ್ನ ಗನ್ನಿಂದ ತೆಗೆದ್ಬಿಡ್ತೀನಿ."

"ಹೆಸರು ಕೊಡೋಕಾಗಲ್ಲ ಸಾರ್. ಕೊಡಲ್ಲ ಅಂತ ಮಾತು ಕೊಟ್ಟಿದೀವಿ."

"ನಾನು ಒಳ್ಳೇದಕ್ಕೇ ಕೇಳ್ತಿರೋದು ಕಣ್ರೀ."

"ತೆಗೆದು ಎಲ್ಲಿಗೆ ಹಾಕ್ತೀರಿ?"

ಅವರು ತಡೆದು ತಡೆದು ಹೇಳಿದರು, "ಅದು ಕಾಂಟ್ರಾಕ್ಟರ್ ನೋಡ್ಕೋತಾರೆ."

ನಾನು ಡಾಕ್ಟರ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಿದ್ದರು. "ಆ ಕಾಗದ ಓದಿ ಹೇಳಿದ್ದು ನೀನು. ನೀನೇ ಹೇಳಮ್ಮ" ಎಂದರು. ನಾನು ಮತ್ತೆ ಕೊಡುವುದಿಲ್ಲ ಎಂದೆ. ಉಪಕರಣಗಳ ಅಂಕಿ ಎಲ್ಲವನ್ನೂ ಕೊಡುತ್ತೇವೆ, ಯಾವ ಗನ್ನು ಎಷ್ಟು ಅದುರುತ್ತದೆ, ಏನು ಬದಲಿಸಬೇಕು ಎಲ್ಲ ಹೇಳುತ್ತೇವೆ, ಆದರೆ ಕೈಗಳ ಹೆಸರಿಲ್ಲ. ಮರುದಿನ ಗೇಟಿನಲ್ಲಿ ಸೆಕ್ಯೂರಿಟಿಯವರು, "ನಿಮ್ದು ಪಾಸ್ ಕ್ಯಾನ್ಸಲ್ ಆಗಿದೆ ಮೇಡಂ" ಎಂದರು.

ಆ ವಾರಗಳಲ್ಲಿ ನನಗೆ ನಾನು ಮಾಡಿದ್ದು ಸರಿಯೋ ತಪ್ಪೋ ತಿಳಿಯುತ್ತಿರಲಿಲ್ಲ. ಹೆಸರು ಹೇಳದೆ ಕಾಪಾಡಿದೆ ಎಂದುಕೊಂಡರೆ, ಅದೇ ಹೊತ್ತಿಗೆ ಅವರು ಅದೇ ಉಳಿ ಹಿಡಿದು ನಿಂತಿರುತ್ತಾರೆ. ಅಂಗಳಕ್ಕೆ ಮಾತ್ರ ಹೋಗುವುದು ಬಿಡಲಿಲ್ಲ. ಒಂದು ಬೆಳಿಗ್ಗೆ ರೊಟ್ಟಿ ಅಣ್ಣ ತಮ್ಮ ಕೈಯ ಫಲಿತಾಂಶ ಕೇಳಿದರು. ಅಜ್ಜಿ ಉಳಿದವರನ್ನೆಲ್ಲ, "ಓಗ್ರೋ ಒಳಿಕ್ಕೆ, ಅವರ ಮಾತು ಅವರು ಆಡ್ಕೊಳ್ಳಿ" ಎಂದು ಅಟ್ಟಿದರು.

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮುಂದುವರಿಸಿದರೆ ಹೆಚ್ಚಾಗುತ್ತದೆ ಎಂದೆ.

"ಬಿಟ್ರ? ಮತ್ತ ಮೊದ್ಲಿನಂಗ ಆಗ್ತಾವೇನ್ರಿ?"

"ಬೆಳ್ಳಗಾಗೋದು ಕಮ್ಮಿ ಆಗಬಹುದು ಅಣ್ಣ. ಮುಟ್ಟಿದ್ದು ಗೊತ್ತಾಗೋದು... ಅದು ವಾಪಸ್ ಬರುತ್ತೆ ಅಂತ ಹೇಳಕ್ಕಾಗಲ್ಲ."

ಅವರು ಹಂಡೆಯ ಬೆಂಕಿಗೆ ಒಂದು ಸೌದೆ ನೂಕಿದರು. ಆಮೇಲೆ, "ನಿಮ್ಮ ಮೀಟರ ಇನ್ನೂ ನಮ್ಮ ಟೂಲ್ ರೂಮಿನ್ಯಾಗ ಐತಿ. ಒಯ್ಯಾಕ ನಾಳಿ ಬರ್ರಿ, ಮುಂಜಾನಿ, ಶಿಫ್ಟಿನ ಹೊತ್ತಿಗೆ" ಎಂದರು. ಯಾಕೆ ಎಂದು ಹೇಳಲಿಲ್ಲ.

ಡಾಕ್ಟರೂ ನಾನೂ ಹೋದೆವು. ಡಾಕ್ಟರ್ ಮೊದಲೇ ಫೋನ್ ಮಾಡಿದ್ದರಿಂದ ಗೇಟಿನಲ್ಲಿ ಮ್ಯಾನೇಜರ್ ನಿಂತಿದ್ದರು, ಮೀಟರ್ ಪೆಟ್ಟಿಗೆಯನ್ನು ಅವರೇ ತರಿಸಿಟ್ಟಿದ್ದರು. ಮುಜುಗರದಿಂದ ನಮಸ್ಕಾರ ಹೇಳಿದರು. ಅಷ್ಟರಲ್ಲಿ ರೊಟ್ಟಿ ಅಣ್ಣ ಬೈಕಿನಲ್ಲಿ ಬಂದರು. ಗ್ಲೌಸು ಹಾಕಿರಲಿಲ್ಲ, ಚಳಿಗಾಳಿಗೆ ಬೆರಳುಗಳು ಬೆಳ್ಳಗಾಗಿದ್ದವು. ಬೈಕು ನಿಲ್ಲಿಸಿ ನೇರ ಮ್ಯಾನೇಜರ ಬಳಿ ಬಂದು, ತಮ್ಮ ಎಡಗೈಯಿಂದ ಅವರ ಕೈ ಹಿಡಿದುಕೊಂಡರು.

ಮ್ಯಾನೇಜರ್ ಬೆಚ್ಚಿ ಕೈ ಹಿಂದಕ್ಕೆಳೆದುಕೊಳ್ಳಲು ನೋಡಿದರು. ಅಣ್ಣ ಬಿಡಲಿಲ್ಲ.

"ಹೆಸರ ಕೇಳಿದ್ರೆಂತಲ್ರಿ ಸಾರ್. ನನ್ನ ಹೆಸರ ಬರಕೊಳ್ರಿ. ಇವರೇನ ಹೇಳಿಲ್ಲ, ನಾನಾಗೆ ಹೇಳಾಕತ್ತೀನಿ. ಕೈ ನೋಡ್ರಿ. ನಿಮ್ಮ ಪಂಪ್ ಕಡದ ಕಡದ ಹಿಂಗ ಆಗ್ಯಾವ. ನಾ ಕೆಲಸ ಒಲ್ಲೆ ಅನ್ನಂಗಿಲ್ಲ. ಬ್ಯಾರೆ ಕೆಲಸ ಕೊಡ್ರಿ. ಗೇಟಿನ ಹೊರಗ ಹಾಕಬ್ಯಾಡ್ರಿ."

ಮ್ಯಾನೇಜರ್ ಆ ಬಿಳಿ ಬೆರಳುಗಳ ಮೇಲೆ ತಮ್ಮ ಇನ್ನೊಂದು ಕೈಯನ್ನೂ ಇಟ್ಟರು. "ಐಸ್ ಇದ್ದಂಗಿದೆಯಲ್ರೀ" ಎಂದರು ಕೊನೆಗೆ, ಯಾರಿಗೆ ಹೇಳಿದ್ದೋ. ಹಿಂದಿನಿಂದ ಇನ್ನೊಬ್ಬರು ಬಂದು ನಿಂತು ಗ್ಲೌಸು ಕಳಚಿದರು. ಆಮೇಲೆ ಮತ್ತೊಬ್ಬರು. ಶಿಫ್ಟಿನ ಸೈರನ್ ಕೂಗಿ ನಿಂತರೂ ಯಾರೂ ಕದಲಲಿಲ್ಲ. ಎಲ್ಲರೂ ಬರಲಿಲ್ಲ, ಕೆಲವರು ತಲೆ ತಗ್ಗಿಸಿ ಪಕ್ಕದಿಂದ ಒಳಗೆ ಹೋದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ.

ಮೀಟರ್ ಪೆಟ್ಟಿಗೆ ಅಂದು ಮತ್ತೆ ಟೂಲ್ ರೂಮಿಗೇ ಹೋಯಿತು.

ಆ ವರ್ಷ ಆದ ಬದಲಾವಣೆಗಳನ್ನು ದೊಡ್ಡದು ಮಾಡಿ ಹೇಳಲಾರೆ. ಉಳಿಯ ಮೇಲೆ ಹಿಡಿದುಕೊಳ್ಳಲು ರಬ್ಬರಿನ ತೋಳು ಬಂತು. ಮೊದಲ ಬಗೆಯದು ಬೇಗ ಹರಿದುಹೋಗಿ ಜನ ಬೈದರು, ಮೂರನೆಯದು ನಿಂತಿತು. ಒಬ್ಬರೇ ಇಡೀ ದಿನ ಗನ್ ಹಿಡಿಯದೆ ಸರತಿಯಲ್ಲಿ ಹಿಡಿಯುವ ಪದ್ಧತಿ ಬಂತು. ಬೆಳಿಗ್ಗೆ ಕೈ ಕಾಯಿಸಿಕೊಳ್ಳಲು ಬಿಸಿನೀರು ಬಂತು. ರೊಟ್ಟಿ ಅಣ್ಣನನ್ನು ಕವಚಗಳಲ್ಲಿ ಬಿರುಕಿದೆಯೇ ಎಂದು ಪರೀಕ್ಷಿಸುವ ಕಡೆಗೆ ಹಾಕಿದರು, ಕಂಪನಿಯ ಲೆಕ್ಕದಲ್ಲೇ. ಕಾಂಟ್ರಾಕ್ಟರ್ ಕೈಕೆಳಗಿನ ಇಬ್ಬರು ಮೂವರು ಮಾತ್ರ ಊರಿಗೆ ಹೋದವರು ಮತ್ತೆ ಬರಲಿಲ್ಲ. ಅವರ ಕೈಗಳ ಚಿತ್ರ ನಮ್ಮ ಕಡತದಲ್ಲಿ ಅರ್ಧಕ್ಕೇ ನಿಂತಿದೆ.

ಮರುವರ್ಷದ ಚಳಿಗಾಲದಲ್ಲಿ ಅದೇ ಕೈಗಳನ್ನು ಇನ್ನೊಮ್ಮೆ ಪರೀಕ್ಷಿಸಲು ಹೋದೆವು. ಈ ಸಲ ಒಂದು ಹೊಸ ಪರೀಕ್ಷೆಯಿತ್ತು. ಬೇರೆಬೇರೆ ದಪ್ಪದ ನೈಲಾನ್ ಎಳೆಗಳು. ಕಣ್ಣು ಮುಚ್ಚಿಸಿ ಬೆರಳ ತುದಿಗೆ ಎಳೆ ತಾಗಿಸುವುದು, ಗೊತ್ತಾದಾಗ ಅವರು 'ಹೂಂ' ಅನ್ನಬೇಕು. ತೀರ ಸಣ್ಣದರಿಂದ ಶುರು ಮಾಡಿ ದಪ್ಪಕ್ಕೆ ಹೋಗುವುದು.

ರೊಟ್ಟಿ ಅಣ್ಣನ ಸರದಿ ಬಂತು. ತಣ್ಣೀರಲ್ಲಿ ಕೈ ಅದ್ದಿದಾಗ ಬಿಳುಪು ಮೊದಲ ಗೆಣ್ಣು ದಾಟಲಿಲ್ಲ, ಬಣ್ಣವೂ ಬೇಗ ಮರಳಿತು. ಡಾಕ್ಟರ್ ಭುಜ ತಟ್ಟಿದರು. ಅಣ್ಣನ ಮುಖ ಅರಳಿತು. ಎಳೆಯ ಪರೀಕ್ಷೆಗೆ ಎಡಗೈ ಮುಂದಿಟ್ಟು ಕಣ್ಣು ಮುಚ್ಚಿದರು. ನಾನು ಪೆಟ್ಟಿಗೆಯಿಂದ ಮೊದಲ ಎಳೆ ತೆಗೆಯುತ್ತಿದ್ದೆ.

"ಹೂಂ" ಎಂದರು.

ನಾನು ಎಳೆ ಹಿಡಿದುಕೊಂಡು ಅವರ ಮುಖ ನೋಡಿದೆ.

"ಹೂಂ" ಎಂದರು ಮತ್ತೆ, ಇನ್ನೂ ಗಟ್ಟಿಯಾಗಿ.

"ಅಣ್ಣ, ನಾನಿನ್ನೂ ಮುಟ್ಟೇ ಇಲ್ಲ."

ಕಣ್ಣು ಬಿಟ್ಟು ನನ್ನನ್ನೂ ನನ್ನ ಕೈಯಲ್ಲಿದ್ದ ಎಳೆಯನ್ನೂ ನೋಡಿದರು. ಒಂದು ಕ್ಷಣ ಮುಖ ಬಾಡಿತು. ಮರುಕ್ಷಣ ಜೋರಾಗಿ ನಕ್ಕರು. "ನೀವು ಮುಟ್ಟೂಕಿನ್ನ ಮದ್ಲ ಗೊತ್ತಾತಲ್ರಿ ಅಕ್ಕಾರ, ಇದಕ್ಕಿನ್ನ ಆರಾಮ ಬೇಕೇನು?" ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನೂ ನಗಲು ನೋಡಿದೆ. "ನನಗ ಅಲ್ರಿ" ಎಂದು ಅವರು ದನಿ ತಗ್ಗಿಸಿದರು, "ನಿಮಗ ಸಮಾಧಾನ ಆಗಲಿ ಅಂತ."

"ನನಗೆ ಇದ್ದದ್ದು ಇದ್ದ ಹಾಗೆ ಬೇಕು ಅಣ್ಣ."

"ಆತು, ತಗೋರಿ." ಮತ್ತೆ ಕಣ್ಣು ಮುಚ್ಚಿದರು.

ಸಣ್ಣ ಎಳೆ ತಾಗಿಸಿದೆ. ಏನೂ ಇಲ್ಲ. ಎರಡನೆಯದು. ಇಲ್ಲ. ಮೂರನೆಯದಕ್ಕೂ ಅವರು ಹುಬ್ಬು ಗಂಟಿಕ್ಕಿ ಕಾಯುತ್ತಲೇ ಇದ್ದರು, ಬಾಗಿಲ ಹೊರಗೆ ಯಾರೋ ಬಂದರೇನೋ ಎಂದು ಕಿವಿಗೊಟ್ಟವರ ಹಾಗೆ. ಅಜ್ಜಿ ಸೌದೆ ಹಿಡಿದುಕೊಂಡು ನಿಂತಲ್ಲೇ ನಿಂತಿದ್ದರು. ಇನ್ನೂ ದಪ್ಪದ ಎಳೆ ತೆಗೆದು, ತೋರುಬೆರಳ ತುದಿಗೆ, ಎಳೆ ಬಾಗುವವರೆಗೆ ಒತ್ತಿದೆ.

"ಈಗ್ರಿ" ಎಂದರು ಅವರು, ಬಹಳ ಮೆಲ್ಲಗೆ. "ಈಗ ಗೊತ್ತಾತು."